ಫ್ರೀಜರಿನಲ್ಲಿ ಸಿಕ್ಕ ಗದ್ದಿಗೆ ಕಂಬಳಿ

ಬಾಗಲವಾಡದ ಮಾಳಿಂಗಪ್ಪ ಡೊಳ್ಳು ಬಾರಿಸಿದರೆ ಪೋತ್ನಾಳದಲ್ಲಿ ಮಲಗಿದ ಕೂಸು ಎದ್ದು ಕೂರುತ್ತಿತ್ತು, ಕವಿತಾಳದಲ್ಲಿ ಕೆಟ್ಟು ನಿಂತ ಬಸ್ಸು ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಆ ಸದ್ದು ಜರ್ಮನಿಗೂ ಮುಟ್ಟಿರಬೇಕು. ಅಲ್ಲಿನ ಹಬ್ಬವೊಂದಕ್ಕೆ ಕರೆ ಬಂತು. ಡೊಳ್ಳಿನ ಹಾಡಿಗೆ ಹೆಂಡತಿ ಜಂಬಮ್ಮ, ಇಂಗ್ಲಿಷಿಗೆ ದೇವದುರ್ಗದ ಹನುಮೇಶ ಮಾಸ್ತರ, ಚಳಿಗೆ ಕರಿ ಕಂಬಳಿ.

ಆ ಕಂಬಳಿ ನೇಯ್ದವನು ಜಂಬಮ್ಮನ ಸತ್ತ ತಂದೆ. ಮರಳಿದ ವಾರಕ್ಕೇ ಮಗಳ ಮದುವೆ. ದೇವರ ಗದ್ದಿಗೆಗೆ ಅದನ್ನೇ ಹಾಸಬೇಕು. ಮೂಲೆಗೆ ಜಂಬಮ್ಮ ಅರಿಷಿಣದ ಭಂಡಾರ ಗಂಟು ಕಟ್ಟಿದ್ದಳು. ಅದನ್ನು ಮುಟ್ಟಿಯೇ ಮಾಳಿಂಗಪ್ಪ ತಂಬಾಕು ಬಿಟ್ಟೆನೆಂದು ಆಣೆ ಮಾಡಿದ್ದ.

ಕೊನೆಯ ದಿನ ನಾನಾ ದೇಶದ ಜನರ ಬಟ್ಟೆ, ಪಾತ್ರೆ, ದೇವರುಗಳನ್ನು ಇಟ್ಟ ಮ್ಯೂಸಿಯಮ್ಮಿಗೆ ಕರೆದೊಯ್ದರು. ಒಂದು ಕೋಣೆಯಲ್ಲಿ ನಮ್ಮ ಕಡೆಯ ಕಟ್ಟಿಗೆಯ ದೇವರು ಬರಿನೆಲದ ಮೇಲೆ ನಿಂತಿತ್ತು. ಮಾಳಿಂಗಪ್ಪನ ಜೀವ ತಡೆಯಲಿಲ್ಲ. ಕಂಬಳಿ ಮಡಚಿ ಗದ್ದಿಗೆ ಹಾಕಿದ. ದೇವರು ಒಂದಷ್ಟು ಹೊತ್ತು ಕೂರಲಿ ಎಂದು ಉಳಿದ ಕೋಣೆ ನೋಡಿ ಬಂದ. ಕಂಬಳಿ ಇಲ್ಲ!

ಮ್ಯೂಸಿಯಮ್ಮಿನದೇ ಕಂಬಳಿ ಹೊರಗೆ ಬಿದ್ದಿದೆಯೆಂದು ಅಲ್ಲಿಯವರು ಎತ್ತಿಕೊಂಡು, ನುಸಿ ಸಾಯಲೆಂದು ಫ್ರೀಜರಿಗೆ ಹಾಕಿದ್ದರು. ಉಸ್ತುವಾರಿ ಮೇಡಂ ತಂದು ಮೇಜಿನ ಮೇಲಿಟ್ಟಳು. ಮ್ಯೂಸಿಯಮ್ಮಿನವೂ ಸೇರಿ ಮೂರು ಕಂಬಳಿ, ಬಡಿದರೆ ಮೂರೂ ಠಣ್ ಎನ್ನುವಷ್ಟು ಸೆಟೆದಿದ್ದವು. ಹೊರಗೆ ವಿಮಾನ ನಿಲ್ದಾಣದ ಬಸ್ಸು ಹಾರ್ನ್ ಹೊಡೆಯಿತು.

"ಯಪ್ಪಾ, ಗುರುತು ಹೇಳಬೇಕಂತ," ಎಂದ ಹನುಮೇಶ.

"ಗುರುತು ಏನಲೇ, ಕರ್ರಗದ."

"ಮೂರೂ ಕರ್ರಗ ಅದಾವ. ಒಂದರ ಮೂಲಿಗಿ ಗಂಟದ. ಅದರಾಗ ಏನದ ಅಂತ ಕೇಳಾಕತ್ತಾರ. ತಪ್ಪಿದ್ರ ಕಂಬಳಿ ಕೊಡಂಗಿಲ್ಲಂತ."

"ಭಂಡಾರ ಅಂತ ಹೇಳೋ ಮಾಸ್ತರಾ!" ಜಂಬಮ್ಮ ಮುಂದೆ ಬಂದಳು. "ನಾನಾ ಕಟ್ಟೀನಿ."

ಹನುಮೇಶ ಬಾಯಿ ತೆರೆದ. ಮಾಳಿಂಗಪ್ಪ ಅವನ ತೋಳು ಹಿಡಿದ. ಮಾಳಿಂಗಪ್ಪನ ಮೈಯಿಂದ ಸುರಿದ ಬೆವರಿಗೆ ಮಾನ್ವಿ ತಾಲೂಕಿನ ಭತ್ತವೆಲ್ಲ ನಾಟಿಯಾಗುತ್ತಿತ್ತು. ಬಸ್ಸು ಮತ್ತೆ ಹಾರ್ನ್ ಹೊಡೆಯಿತು.

"ಭಂಡಾರ ಅಲ್ಲ."

"ಮತ್ತೇನು?" ಜಂಬಮ್ಮ ಕೇಳಿದಳು.

"ಭಂಡಾರ ಹಣಿಗಿ ಹಚ್ಚಿ ಮುಗದಿತ್ತು. ಜಾಗಾ ಖಾಲಿ ಇತ್ತು..." ಅವನು ಮಗಳ ಮದುವೆ ನೆನೆದು ಕಣ್ಣು ಮುಚ್ಚಿದ. "ತಂಬಾಕ."

ಮೇಡಂ ಗಂಟಿಗೆ ಉಸಿರೂದಿ ಬಿಚ್ಚಿದಳು. ತಂಬಾಕೇ. ನಗುತ್ತ ಕಂಬಳಿ ಚಾಚಿದಳು. ಮಾಳಿಂಗಪ್ಪ ಕೈ ನೀಡುವ ಮೊದಲೇ ಜಂಬಮ್ಮ ಅದನ್ನು ಕಸಿದು, ತಂಬಾಕು ಝಾಡಿಸಿ, ತಾನೇ ಹೊದ್ದು ಬಸ್ಸಿನತ್ತ ನಡೆದಳು.

"ಗದ್ದಿಗಿ ನಾ ಹಾಸ್ತೀನಿ. ನೀ ದೂರ ನಿಂದ್ರು."

ರಾಯಚೂರು ಸ್ಟೇಶನ್ನಿನಲ್ಲಿ ಇಳಿದಾಗ ಹಪ್ಪಳ ಸುಡುವ ಬಿಸಿಲು. ಅಷ್ಟು ದೂರ ಬಂದರೂ ಜಂಬಮ್ಮ ಹೊದ್ದ ಕಂಬಳಿ ಬಿಟ್ಟುಕೊಟ್ಟಿರಲಿಲ್ಲ. ಮಾಳಿಂಗಪ್ಪ ಇನ್ನೂ ನಡುಗುತ್ತಲೇ ಇದ್ದ.