ತೂ ಸ್ಕ್ರೂ ಕಾರ್ಖಾನೆಯ ವಿಳಾಸಕ್ಕೆ ಮುಹೂರ್ತ

ತೈವಾನಿನ ಗಾಂಗ್‌ಶಾನ್‌ನ ತೂ ಸ್ಕ್ರೂ ಕಾರ್ಖಾನೆಗೆ ಜ್ವಾಂಗ್ ಪಾಯ್‌ಯೆನ್ ಗುಮಾಸ್ತನಾಗಿ ಸೇರಿ ಎಂಬತ್ತು ದಿನವಾಗಿತ್ತು. ತೊಂಬತ್ತನೆಯ ದಿನ ಕೆಲಸ ಕಾಯಮ್ಮೋ ಇಲ್ಲವೋ ತೀರ್ಮಾನವಾಗಬೇಕು. ಇಷ್ಟು ದಿನದಲ್ಲಿ ಹೇಳಿಕೊಳ್ಳುವಂಥ ಅವನ ಸಾಧನೆಯೆಂದರೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಹೊರಗೆಳೆದದ್ದು. ಹಾಗಾಗಿ ಯಜಮಾನಿ ತೂ ಅಮ್ಮ, ಕಾರ್ಖಾನೆಯ ವೆಬ್‌ಸೈಟಿಗೆ ಹೆಸರು ಕೊಳ್ಳುವ ಜವಾಬ್ದಾರಿ ನಿನ್ನದು ಎಂದಾಗ ಅದನ್ನು ಕಡೆಯ ಬಸ್ಸೆಂದೇ ತಿಳಿದು ಹತ್ತಿದ.

ತೂ ಅಮ್ಮನಿಗೆ ಹೆಸರಿನಲ್ಲಿ ಏನೂ ಬಿಟ್ಟುಹೋಗಬಾರದು. ಮನೆತನ, ಊರು, ಉಕ್ಕು, ಉತ್ತಮ ಗುಣಮಟ್ಟ, ಎಲ್ಲವನ್ನೂ ಪೋಣಿಸಿ ನಡುನಡುವೆ ಅಡ್ಡಗೆರೆ ಹಾಕಿ ಬರೆದುಕೊಟ್ಟರು. ವಾದಿಸುವ ಧೈರ್ಯ ಪಾಯ್‌ಯೆನ್‌ಗೆ ಇರಲಿಲ್ಲ. ಗಡಗಡಿಸುವ ಯಂತ್ರಗಳ ಪಕ್ಕ ನಿಂತು, ಗಿರಾಕಿಗೆ ಹೇಳುವಂತೆ, ಅವರಿಗೇ ಫೋನ್ ಮಾಡಿ ಅದನ್ನು ಒಂದೊಂದೇ ಅಕ್ಷರವಾಗಿ ಓದಿದ.

“ಏನೋ ಅದು? ಇನ್ನೊಂದ್ಸಲ ಹೇಳು!”

ಮೂರನೆಯ ಸಲಕ್ಕೆ ತೂ ಅಮ್ಮ ಸೋತರು. “ಸಾಕು ಬಿಡಪ್ಪ, ನಂಗೆ ನನ್ ಹೆಸರೇ ಮರ್ತೋಯ್ತು.”

“ಗಿರಾಕಿಗೂ ಹಂಗೇ ಆಗುತ್ತಮ್ಮ. ‘ತೂಸ್ಕ್ರೂ ಡಾಟ್ ಟಿಡಬ್ಲ್ಯೂ’, ಅಷ್ಟೇ ಸಾಕು. ಆ ಟಿಡಬ್ಲ್ಯೂ ಬಾಲ ನೋಡಿದ್ರೇನೇ ತೈವಾನ್ ಮಾಲು ಅಂತ ಗೊತ್ತಾಗುತ್ತೆ.”

ಒಪ್ಪಿದರು. ಒಪ್ಪಿ, ಪಂಚಾಂಗ ತೆಗೆದರು. ವ್ಯಾಪಾರ ಆರಂಭಕ್ಕೆ ಒಳ್ಳೆಯ ಗಳಿಗೆ ಎಂಟು ದಿನ ಬಿಟ್ಟು, ಗುರುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ.

“ಆ ಹೆಸರು ಒಬ್ರಿಗೇ ಸಿಗೋದಮ್ಮ. ಅಷ್ಟರಲ್ಲಿ ಬೇರೆ ಯಾರಾದ್ರೂ ತಗೊಂಡ್ಬಿಟ್ರೆ?”

“ಮುಹೂರ್ತ ನೋಡ್ದೆ ಯಾರೋ ತಗೋತಾರೆ?”

ಅಂಥವರು ಇದ್ದಾರೆಂದು ಪಾಯ್‌ಯೆನ್‌ಗೆ ಗೊತ್ತಿತ್ತು. ಹೆಸರು ಹೋದರೆ ಕೆಲಸವೂ ಹೋದಂತೆ. ಮಂಗಳವಾರ ಮಧ್ಯಾಹ್ನ, ಒಂದು ಕೈಯಲ್ಲಿ ಬುತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹೆಸರನ್ನು ಗುಟ್ಟಾಗಿ ತನ್ನ ಹೆಸರಿಗೇ ಕೊಂಡುಬಿಟ್ಟ. ಗುರುವಾರ ಯಾವುದೋ ಒಂದು ಗುಂಡಿ ಒತ್ತಿ “ಆಯ್ತು” ಎಂದರಾಯಿತು ಎಂಬುದು ಅವನ ಉಪಾಯ.

ಗುರುವಾರ ಬಂತು. ಕಂಪ್ಯೂಟರಿನ ಮುಂದೆ ಅನಾನಸು, ಮೂರು ಊದುಬತ್ತಿ. ಅದರ ಪಕ್ಕದಲ್ಲಿ, ಯಂತ್ರಗಳು ಹಟ ಮಾಡದಿರಲೆಂದು ಆ ದೇಶದಲ್ಲಿ ಎಲ್ಲರೂ ಇಡುವ ಹಸಿರು ಪೊಟ್ಟಣದ ಕುರುಕಲು ತಿಂಡಿ. ಹನ್ನೊಂದು ಜನ ಕೆಲಸಗಾರರೂ ಕೈಕಟ್ಟಿ ನಿಂತರು. ಪಾಯ್‌ಯೆನ್ ಕೈ ಮುಂದೆ ಚಾಚಿದ.

“ಸರಿ ಆ ಕಡೆ. ಒತ್ತೋದು ನಾನು,” ಎಂದರು ತೂ ಅಮ್ಮ.

ಒತ್ತಿದರು. ಈ ಹೆಸರು ಈಗಾಗಲೇ ಬೇರೆಯವರದಾಗಿದೆ ಎಂದು ಪರದೆ ತಿಳಿಸಿತು.

ಹಿರಿಯ ಮೇಸ್ತ್ರಿ ಆ-ಹೋಕ್ ತಿಂಡಿ ಪೊಟ್ಟಣ ತಿರುಗಿಸಿ ಅವಧಿ ಮುಗಿದು ಅದರ ಶಕ್ತಿ ಹೋಗಿದೆಯೇ ಎಂದು ನೋಡಿದ. ಮುಗಿದಿರಲಿಲ್ಲ.

“ಯಾವ ಕಳ್‌ನನ್ಮಗ ಅವ್ನು?” ಎಂದರು ತೂ ಅಮ್ಮ.

“ನಾನೇ ಅಮ್ಮ.”

ಯಾಕೆ ಎಂದು ಅವರು ಕೇಳಲಿಲ್ಲ. “ಯಾವಾಗ?” ಎಂದರು.

“ಮಂಗಳವಾರ. ಹನ್ನೆರಡೂವರೆಗೆ.”

ಪಂಚಾಂಗದ ಮೇಲೆ ಅವರ ಬೆರಳು ಓಡಿ ನಿಂತಿತು. “ಕ್ಷೌರಕ್ಕೆ ಒಳ್ಳೇದು. ಹೆಣ ಹೂಳೋಕೂ ಒಳ್ಳೇದು. ಇನ್ಯಾತಕ್ಕೂ ಆಗಲ್ಲ.”

“ಈಗ್ಲೇ ಕಾರ್ಖಾನೆ ಹೆಸರಿಗೆ ಮಾಡ್ಬಿಡ್ತೀನಮ್ಮ.”

“ಮುಟ್ಬೇಡ! ಅಂಥಾ ಗಳಿಗೇಲಿ ಹುಟ್ಟಿದ್ದನ್ನ ಹಂಗೇ ಒಳಗೆ ಕರ್ಕೊಳ್ಳೋಕಾಗುತ್ತಾ?” ಹಾಳೆ ಮಗುಚುತ್ತ ಹೋದರು. ಹೆಸರು ಬದಲಿಸಲು ಅವರ ಜನ್ಮವರ್ಷಕ್ಕೆ ಕೂಡಿಬರುವ ದಿನ ಮುಂದಿನ ವರ್ಷದ ಕೊನೆಗೆ ಸಿಕ್ಕಿತು. “ಅಲ್ಲೀವರ್ಗೂ ನಿನ್ ಹೆಸರಲ್ಲೇ ಇರ್ಲಿ. ಕೆಟ್ಟದ್ದೇನಿದ್ರೂ ನಿಂಗೇ ತಟ್ಲಿ.”

“ಅಂದ್ರೆ ಅಮ್ಮ… ಕೆಲಸ ಕಾಯಮ್ಮಾ?”

“ವಿಳಾಸ ಜೇಬಲ್ಲಿ ಇಟ್ಕೊಂಡೋನ್ನ ಹೆಂಗೋ ಓಡಿಸ್ಲಿ? ಬಿದ್ದಿರು ಇಲ್ಲೇ.”

ಆ-ಹೋಕ್ ಅನಾನಸು ಹೆಚ್ಚಿ ಎಲ್ಲರಿಗೂ ಹಂಚಿದ. ತೊಂಬತ್ತನೆಯ ದಿನ ಯಾರ ಗಮನಕ್ಕೂ ಬಾರದೆ ಕಳೆಯಿತು. ಅಂದು ಪ್ರಿಂಟರಿನಲ್ಲಿ ಮತ್ತೆ ಕಾಗದ ಸಿಕ್ಕಿಕೊಂಡಿತ್ತು. ಈ ಸಲ ಹರಿಯಿತು.