ವಾರವೆಲ್ಲ ಉಪವಾಸ, ಭಾನುವಾರ ಊಟ

ಎದೆಯ ಬಗ್ಗೆ ಹೆದರಿಕೊಂಡೇ ಐವತ್ತು ದಾಟಿದವನು ನಾನು. ಎಡಗೈ ಜೋಮು ಹಿಡಿದರೂ ಇಸಿಜಿ ಮಾಡಿಸುತ್ತಿದ್ದೆ. ಕಾಯಿಲೆ ಮಾತ್ರ ಹಿಂಬಾಗಿಲಿನಿಂದ ಬಂತು. ಮಲದಲ್ಲಿ ರಕ್ತ. ಮೂಲವ್ಯಾಧಿ ಇರಬೇಕೆಂದು ಸುಮ್ಮನಿದ್ದೆ. ಜನ್ಮದಲ್ಲಿ ಒಮ್ಮೆ ಧೈರ್ಯವಾಗಿದ್ದೆ, ಅದೂ ತಪ್ಪು ಜಾಗದಲ್ಲಿ.

ರೆಕ್ಟಲ್ ಕ್ಯಾನ್ಸರ್.

ಆಪರೇಷನ್ ಆಯಿತು. ಒಳಗಿನ ಹೊಲಿಗೆ ಮಾಯುವ ತನಕ ಎಂದು ಸಣ್ಣ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲೆ ಹೊರತೆಗೆದು, ಅದರ ಸುತ್ತ ಒಂದು ಚೀಲ ಅಂಟಿಸಿದರು. ಸ್ಟೋಮಾ ಎನ್ನುತ್ತಾರೆ. ಕೆಲವು ತಿಂಗಳಾದ ಮೇಲೆ ಕರುಳನ್ನು ಒಳಗೆ ಸೇರಿಸಿ ಮುಚ್ಚುವುದು. ಅಲ್ಲಿಯವರೆಗೆ ತಿಂದದ್ದೆಲ್ಲ ಚೀಲಕ್ಕೆ. ಯಾವಾಗ ಬರಲಿ ಎಂದು ಅದು ನನ್ನನ್ನು ಕೇಳುವುದಿಲ್ಲ.

ಡಿಸ್ಚಾರ್ಜ್ ದಿನ, ವಾರಕ್ಕೊಮ್ಮೆ ಸ್ಟೋಮಾ ಕ್ಲಿನಿಕ್ಕಿಗೆ ಬಂದು ಸಿಸ್ಟರನ್ನು ಕಾಣಿ ಎಂದಿದ್ದರು. ಹೋಗಲಿಲ್ಲ. ಸರ್ಜನ್ ನೋಡಿ ಆದ ಮೇಲೆ ನರ್ಸ್ ನೋಡುವುದೇನು ಉಳಿದಿರುತ್ತದೆ ಅನಿಸಿತ್ತು. ನೋಡಿದರೆ ಶರ್ಟು ಎತ್ತಬೇಕಲ್ಲ ಎಂಬ ಸಂಕೋಚವೂ ಇತ್ತು.

ಮತ್ತೆ ಆಫೀಸು ಶುರುವಾಯಿತು. ಘಾಟ್ಕೋಪರಿನಿಂದ ದಾದರಿಗೆ ಲೋಕಲ್ ಟ್ರೇನು. ಒಂದು ಬೆಳಿಗ್ಗೆ ಕುರ್ಲಾದಲ್ಲಿ ನುಗ್ಗಿದ ಜನರ ಒತ್ತಡಕ್ಕೆ ಚೀಲದ ಅಂಚು ಬಿಟ್ಟುಕೊಂಡಿತು. ಬೆಚ್ಚಗೆ ಏನೋ ಸೊಂಟಕ್ಕೆ ಇಳಿಯಿತು. ವಾಸನೆ. "ಯಾರೋ ಮೀನು ತಂದಿದ್ದಾರೆ," ಎಂದರು ಒಬ್ಬರು. ಸುತ್ತಲಿನವರು ಮೂಗಿಗೆ ಕರವಸ್ತ್ರ ಹಿಡಿದರು. ನಾನೂ ಹಿಡಿದೆ. ಅಷ್ಟೇ ಅಲ್ಲ, ಪಕ್ಕದಲ್ಲಿದ್ದ ಬಡಪಾಯಿಯನ್ನು ದುರುಗುಟ್ಟಿ ನೋಡಿದೆ.

ಆ ದಿನದಿಂದ ಚೀಲ ಖಾಲಿ ಇರಬೇಕು ಎಂಬುದೊಂದೇ ಯೋಚನೆ. ತಿನ್ನದಿದ್ದರೆ ತುಂಬುವುದಿಲ್ಲ. ಆದರೆ ನನ್ನ ಹೆಂಡತಿ ಪದ್ಮಾ ಬಿಡಬೇಕಲ್ಲ. ಆಗ ದೇವರುಗಳ ಸಹಾಯ ಪಡೆದೆ. ಗುರುವಾರ ರಾಯರು, ಶನಿವಾರ ಹನುಮಂತ, ಸೋಮವಾರ ಈಶ್ವರ, ಮಂಗಳವಾರ ಗಣಪತಿ, ಶುಕ್ರವಾರ ಲಕ್ಷ್ಮಿ. ಬುಧವಾರಕ್ಕೆ ನಮ್ಮ ಕಡೆಯವರು ಯಾರೂ ಸಿಗದೆ ಆಫೀಸಿನ ಮರಾಠಿ ಮಿತ್ರರಿಂದ ವಿಠ್ಠಲನನ್ನು ಎರವಲು ತಂದೆ. ರಾತ್ರಿ ಮನೆಗೆ ಬಂದ ಮೇಲಷ್ಟೇ ಊಟ. ಹಗಲು ನೀರೂ ಇಲ್ಲ.

ಕಾಯಿಲೆ ಬಂದು ನನಗೆ ಭಕ್ತಿ ಬಂತೆಂದು ಮನೆಯವರೆಲ್ಲ ಕಣ್ಣೀರು ಒರೆಸಿಕೊಂಡರು. "ನಿಮ್ಮ ಜೊತೆ ನಾನೂ ಮಾಡ್ತೀನಿ ರೀ, ಬೇಗ ವಾಸಿಯಾಗ್ಲಿ," ಎಂದು ಪದ್ಮಾಳೂ ಹಿಡಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ.

ಮೊದಲು ಮೀನಖಂಡದಲ್ಲಿ ಸೆಳೆತ. ಆಮೇಲೆ ಶರ್ಟಿನ ಗುಂಡಿ ಹಾಕುವಾಗ ಬೆರಳುಗಳು ಮಡಚಿಕೊಂಡು ನಿಂತವು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಕ್ಯಾನ್ಸರ್ ಮತ್ತೆ ಬಂದಿದೆ ಎಂದು ನಾನೇ ಡಯಾಗ್ನೋಸಿಸ್ ಮಾಡಿಕೊಂಡೆ. ಕೊನೆಗೆ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಕುಸಿದೆ.

"ಕಿಡ್ನಿಗೆ ಏಟು ಬಿದ್ದಿದೆ, ಕ್ರಿಯಾಟಿನಿನ್ ತುಂಬಾ ಏರಿದೆ. ಇಳಿಯದಿದ್ದರೆ ಡಯಾಲಿಸಿಸ್," ಎಂದರು ಡಾಕ್ಟರ್. "ಊಟ ಸರಿಯಾಗಿ ಆಗ್ತಿದೆಯಾ?"

"ಆಗ್ತಿದೆ," ಎಂದೆ. ರಾತ್ರಿ ಆಗುತ್ತಿತ್ತಲ್ಲ.

ಮಾರನೆಯ ದಿನ ಸ್ಟೋಮಾ ಕ್ಲಿನಿಕ್ಕಿನ ಸಿಸ್ಟರ್ ಸಾವಂತ್ ವಾರ್ಡಿಗೆ ಬಂದರು. ಕುರ್ಚಿ ಎಳೆದು ಕೂತರು. ಆಸ್ಪತ್ರೆಯಲ್ಲಿ ಯಾರಾದರೂ ಕೂತು ಮಾತಾಡಿದರೆ ನನಗೆ ಹೆದರಿಕೆ; ಕೆಟ್ಟ ಸುದ್ದಿಯನ್ನು ಹಾಗೆಯೇ ಹೇಳುತ್ತಾರೆ. ಇವರು ಹಿಂದಿ, ಮರಾಠಿ ಬೆರೆಸಿ ಕೇಳಿದ್ದು ಬರೀ ತಿಂಡಿಯ ವಿಷಯ.

"ಕಾಕಾ, ಬಿದ್ದ ದಿನ ಬೆಳಿಗ್ಗೆ ಏನು ತಿಂದಿದ್ರಿ?"

"ಗುರುವಾರ. ಉಪವಾಸ."

"ಹಿಂದಿನ ದಿನ?"

"ಬುಧವಾರ. ವಿಠ್ಠಲ."

"ಅರೇ ವಾಹ್! ಉಪಾಸ್ ನಾನೂ ಮಾಡ್ತೀನಿ. ಸಾಬೂದಾಣಾ ಖಿಚಡಿ, ಬಟಾಟೆ, ಶೇಂಗಾ. ಬೇರೆ ದಿನಕ್ಕಿಂತ ಜಾಸ್ತಿನೇ ಹೊಟ್ಟೆಗೆ ಹೋಗುತ್ತೆ. ನೀವು?"

"ನಿರ್ಜಲ."

"ಬಾಪ್ ರೇ. ಭಾನುವಾರ ಯಾವ ದೇವರು?"

"ಭಾನುವಾರ ಊಟ ಮಾಡ್ತೀನಿ."

"ಮೂರು ಹೊತ್ತೂ?"

"ಹೂಂ."

ಅವರು ನನ್ನ ಮುಖವನ್ನೇ ನೋಡಿದರು. "ಭಾನುವಾರ ಟ್ರೇನ್ ಹತ್ತೋದಿಲ್ಲ, ಅಲ್ವಾ ಕಾಕಾ?"

ಪದ್ಮಾ ಮಂಚದ ಪಕ್ಕದಲ್ಲೇ ನಿಂತಿದ್ದಳು.

ಸಿಸ್ಟರ್ ಬೈಯಲಿಲ್ಲ. ಶರ್ಟು ಎತ್ತಿಸಿ ಚೀಲ ಬಿಡಿಸಿದರು. ಸುತ್ತಲಿನ ಚರ್ಮ ಬೆಂದಂತೆ ಕೆಂಪಾಗಿತ್ತು. ಆಪರೇಷನ್ ಆದಾಗ ಊದಿದ್ದ ಸ್ಟೋಮಾ ಈಗ ಸಣ್ಣದಾಗಿದೆ, ನೀವು ಇನ್ನೂ ಹಳೆಯ ಅಳತೆಗೇ ಚೀಲದ ತೂತು ಕತ್ತರಿಸುತ್ತಿದ್ದೀರಿ, ಅದಕ್ಕೇ ಸೋರುತ್ತದೆ ಎಂದರು. ಹೊಸ ಅಳತೆ ತೆಗೆದು ನನ್ನ ಕೈಯಲ್ಲೇ ಕತ್ತರಿ ಹಾಕಿಸಿದರು. ಖಾಲಿ ಹೊಟ್ಟೆಯಲ್ಲೂ ಕರುಳು ನೀರು, ಉಪ್ಪು ಸುರಿಸುತ್ತಲೇ ಇರುತ್ತದಂತೆ. ರಾತ್ರಿ ಗಟಗಟ ಕುಡಿದ ಬರೀ ನೀರು ಉಪ್ಪನ್ನು ಇನ್ನಷ್ಟು ಎಳೆದುಕೊಂಡು ಚೀಲ ಸೇರುತ್ತಿತ್ತಂತೆ. ಓಆರ್‌ಎಸ್ ಕುಡಿಯಬೇಕು. ಉಪ್ಪು ಹಾಕಿದ ಗಂಜಿ, ಬಾಳೆಹಣ್ಣು ತಿನ್ನಬೇಕು. ಕ್ಯಾನ್ಸರ್ ಪೇಶೆಂಟಿಗೆ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಿಯೆಂಬ ಪ್ರತ್ಯೇಕ ಬೋಗಿ ಇದೆ, ಅಲ್ಲಿ ಹತ್ತಬೇಕು. ಇದಿಷ್ಟನ್ನು ಕೇಳಲು ನಾನು ಒಂದು ಕಿಡ್ನಿಯಷ್ಟು ತಡ ಮಾಡಿದ್ದೆ.

ಸಿಸ್ಟರ್ ಹೋದ ಮೇಲೆ ಪದ್ಮಾ ಕಿಟಕಿಯ ಪರದೆ ಸರಿಸಲು ಕೈ ಎತ್ತಿದಳು. ಅವಳ ಬಳೆಗಳು ಮೊಣಕೈವರೆಗೂ ಜಾರಿದವು.

"ನಾನೂ ತಿನ್ನಲಿಲ್ಲವಲ್ಲ ರೀ," ಎಂದಳು.



ಡಯಾಲಿಸಿಸ್ ತಪ್ಪಿತು. ಕ್ರಿಯಾಟಿನಿನ್ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಹೋದಷ್ಟು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರ್. ಸ್ಟೋಮಾ ಮುಚ್ಚುವ ಆಪರೇಷನ್ ಮುಂದಕ್ಕೆ ಹೋಗಿದೆ. ಎಷ್ಟು ಮುಂದಕ್ಕೆ ಎಂದು ಕೇಳಿದರೆ ಸರ್ಜನ್ ರಿಪೋರ್ಟು ನೋಡುತ್ತಾರೆ. ಸಿಸ್ಟರ್ ಸಾವಂತರ ಕ್ಲಿನಿಕ್ಕಿಗೆ ಈಗ ವಾರ ತಪ್ಪಿಸುವುದಿಲ್ಲ. ಚರ್ಮ ವಾಸಿಯಾಗಿದೆ. ತೂಕ ಸ್ವಲ್ಪ ಏರಿದೆ. ಅಲ್ಲಿ ಹೇಳಿಕೊಂಡ ಮೇಲೆ ನನ್ನ ಹೆದರಿಕೆಗಳು ಸ್ವಲ್ಪ ಚಿಕ್ಕವಾಗಿ ಕಾಣುತ್ತವೆ, ಮನೆ ತಲುಪುವವರೆಗಾದರೂ.

ನಮ್ಮ ಮನೆಯಲ್ಲಿ ಏಕಾದಶಿಗೆ ಅನ್ನ ಬೇಯುವುದಿಲ್ಲ. ಕಳೆದ ಏಕಾದಶಿಯ ಬೆಳಿಗ್ಗೆ ಕುಕ್ಕರ್ ಕೂಗಿತು. ಪದ್ಮಾ ಎರಡು ತಟ್ಟೆ ಗಂಜಿ ತಂದಳು. ಒಂದನ್ನು ನನ್ನ ಮುಂದೆ ಕುಕ್ಕಿ, ಇನ್ನೊಂದನ್ನು ಹಿಡಿದು ಎದುರು ಕೂತಳು.

"ಮೊದಲು ನೀವು ತಿನ್ನಿ. ನಾನು ನೋಡ್ಬೇಕು."

ತಿಂದೆ. ಅವಳೂ ತಿಂದಳು.

ಆ ತುಂಬಿದ ಹೊಟ್ಟೆಯಲ್ಲೇ ಅಂಗವಿಕಲರ ಡಬ್ಬಿ ಹತ್ತಿದೆ. ಊರುಗೋಲಿನ ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೈಕಾಲು ಎಲ್ಲಾ ನೆಟ್ಟಗಿದೆಯಲ್ಲ, ನಿಮಗೇನಾಗಿದೆ?" ಎಂದು ಹಿಂದಿಯಲ್ಲಿ ಗದರಿಸಿದ.

"ಕ್ಯಾನ್ಸರ್. ಹೊಟ್ಟೆ ಮೇಲೆ ಚೀಲ ಇದೆ," ಎಂದೆ. ಹೊರಗಿನವರ ಮುಂದೆ ಮೊದಲ ಸಲ.

"ಹಾಗಾದ್ರೆ ಕಿಟಕಿ ಹತ್ರ ಕೂತ್ಕೊಳ್ಳಿ. ನಿಮಗೂ ಗಾಳಿ, ನಮಗೂ ಕ್ಷೇಮ," ಎಂದು ಸರಿದು ಜಾಗ ಕೊಟ್ಟ.

ಕುರ್ಲಾ ದಾಟುವಾಗ ಚೀಲ ಬೆಚ್ಚಗಾಗತೊಡಗಿತು. ಶರ್ಟಿನ ಮೇಲಿನಿಂದಲೇ ಅಂಚನ್ನು ಒತ್ತಿ ನೋಡಿದೆ. ಹಿಡಿದುಕೊಂಡಿತ್ತು. ದಾದರಿಗೆ ಮುಂಚಿನ ಸಯಾನ್ ಸ್ಟೇಷನ್ ಬಂತು. ಇಳಿಯಲಿಲ್ಲ.