ಅಂಚಿನ ಒಂಬತ್ತು ಚುಕ್ಕೆಗಳು

ಕಳೆದ ಶನಿವಾರ ಕೆಳಗಿನ ಮನೆಯ ಕಾಕು ಕೊಟ್ಟ ನೋಟ್‌ಬುಕ್ ತೆರೆದಾಗ ಮೊದಲು ಬಂದದ್ದು ಪೆನ್ಸಿಲ್ ಹೆರೆದ ವಾಸನೆ. ಹಾಳೆಗಳ ನಡುವೆ ಮರದ ತೆಳು ಸುರುಳಿಗಳು ಐದು ವರ್ಷದಿಂದ ಹಾಗೇ ಉಳಿದಿದ್ದವು. ಎಣಿಸಿದೆ, ನಾಲ್ಕು. ನನ್ನ ಅಭ್ಯಾಸ ಅದು. ದಿನಚರಿಯಲ್ಲೂ ಮೊದಲು ವಾರ, ಆಮೇಲೆ ಲೆಕ್ಕ, ಮಿಕ್ಕ ಮಾತೆಲ್ಲ ಕೊನೆಗೆ.

ವೆಂಬ್ಲಿಯ ನಮ್ಮ ಕಟ್ಟಡದಲ್ಲಿ ನಾವು ನಾಲ್ಕನೇ ಮಹಡಿ, ಕಾಕಾ-ಕಾಕು ಮೂರನೆಯದು. ನಾವು ಬೆಂಗಳೂರಿನವರು, ಅವರು ಧಾರವಾಡದವರು. ನೆಂಟಸ್ತಿಕೆ ಏನೂ ಇಲ್ಲ. ಲಿಫ್ಟಿನಲ್ಲಿ ಒಬ್ಬರ ಕನ್ನಡ ಇನ್ನೊಬ್ಬರ ಕಿವಿಗೆ ಬಿದ್ದ ದಿನದಿಂದ ಹಾಗೆ ಕರೆಯುತ್ತಿದ್ದೆ. ಲಂಡನ್ನಿಗೆ ಬರುವ ಮೊದಲು ಕಾಕಾ ಹನ್ನೆರಡು ವರ್ಷ ಅಮೆರಿಕದಲ್ಲಿದ್ದರು. ಅಲ್ಲಿಂದ ಬೇಸ್‌ಬಾಲ್ ಹುಚ್ಚು ತಂದಿದ್ದರು. ಹದಿನೇಳರ ನನ್ನನ್ನು ಭಾನುವಾರ ಸಂಜೆ ಕೂರಿಸಿಕೊಂಡು ಈ ನೋಟ್‌ಬುಕ್‌ನಲ್ಲೇ ಆಟದ ದಾಖಲೆ ಬರೆಯುವುದನ್ನು ಕಲಿಸಿದರು. ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನಿಗೂ ಒಂದು ಚೌಕ, ಅದರೊಳಗೆ ಅವನ ಗತಿ.

"ನಿನ್ನಂಥಾಕಿಗೆ ಹೇಳಿ ಮಾಡಿಸಿದ ಆಟ ನೋಡವಾ. ಉಗುಳಿದ್ದಕ್ಕೂ ಲೆಕ್ಕ ಇಡ್ತಾರ," ಎಂದು ನಗುತ್ತಿದ್ದರು.

ಆ ವಸಂತದಲ್ಲಿ ಲಿಫ್ಟ್ ಕೆಟ್ಟು ಮೂರು ವಾರವಾಗಿತ್ತು. ಈಲಿಂಗ್ ರೋಡಿನಿಂದ ತರಕಾರಿ ಹೊತ್ತು ಬಂದ ಕಾಕಾ ಒಂದೊಂದು ತಿರುವಿನಲ್ಲೂ ಕಂಬಿ ಹಿಡಿದು, ಎದೆ ತಿಕ್ಕುತ್ತ ನಿಲ್ಲುವುದನ್ನು ಕಂಡೆ. ಜಿಪಿ ಡಾಕ್ಟರ ಹತ್ತಿರ ಹೋಗಿ ಎಂದೆ.

"ಗ್ಯಾಸು ಅದು. ಜಿಪಿ ಪ್ಯಾರಾಸಿಟಮಾಲ್ ಕೊಡ್ತಾನ, ಅದು ಮನ್ಯಾಗೇ ಅದ. ನಿಮ್ಮ ಕಾಕುಗ ಹೇಳಬ್ಯಾಡ ಮತ್ತ. ಆಕಿ ಮಗಳಿಗೆ ಫೋನ್ ಹಚ್ಚತಾಳ, ಮಗಳು ರಜಾ ಹಾಕಿ ಓಡಿ ಬರತಾಳ..."

ನಾನು ಹೇಳಲಿಲ್ಲ.

ಮರುದಿನ ಭಾನುವಾರ. ಕಾಕಾ ಹಳೆಯ ಆಟವೊಂದರ ರೆಕಾರ್ಡಿಂಗ್ ಹಾಕಿದರು. ಕೊನೆ ಏನೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಚೆಂಡೆಸೆಯುವವನು ಹುಡುಗ. ಎದುರಾಳಿಗಳು ಒಬ್ಬೊಬ್ಬರಾಗಿ ಬಂದು, ಮೊದಲ ಬೇಸನ್ನೂ ಸೇರದೆ ಮರಳುತ್ತಿದ್ದರು. ಇಪ್ಪತ್ತೇಳು ಜನ ಹೀಗೆಯೇ ಮರಳಿದರೆ ಅದು ಪರ್ಫೆಕ್ಟ್ ಗೇಮ್. ನೂರಾರು ಜನ ಇಡೀ ಬಾಳು ಎಸೆದರೂ ಸಿಗದ್ದು. ಅದು ನಡೆಯುತ್ತಿರುವಾಗ ತಂಡದವರು ಯಾರೂ ಆ ಮಾತು ಎತ್ತಬಾರದು, ಎತ್ತಿದರೆ ಕೆಡುತ್ತದೆ ಎಂಬ ನಂಬಿಕೆ ಅವರಲ್ಲಿದೆ ಎಂದು ಕಾಕಾ ಮೊದಲೇ ಹೇಳಿದ್ದರು.

ಹತ್ತನೆಯವನು ಔಟಾದಾಗ ಕಾಕಾ ಎಡಗೈಯಿಂದ ಎದೆ ತಿಕ್ಕಿಕೊಂಡರು. ಹಾಳೆಯ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟೆ, ಆಮೇಲೆ ತಿಕ್ಕಿದ ಪ್ರತಿ ಸಲಕ್ಕೂ ಒಂದೊಂದು. ಹದಿನೆಂಟನೆಯ ಔಟಿಗೆ ನಾಲ್ಕು ಚುಕ್ಕೆ. ಇಪ್ಪತ್ನಾಲ್ಕಕ್ಕೆ ಏಳು. ಅವರ ಹಣೆ ಬೆವರಿತ್ತು. ಕಾಕು ಗಿರ್ಮಿಟ್ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರು ಟಿವಿ ನೋಡುತ್ತಿರಲಿಲ್ಲ.

"ಕಾಕಾ, ನೀವು..."

"ಸುಮ್ನ ಕೂಡು. ಬಾಯಿ ಬಿಟ್ರ ಕೆಡತದ."

ಪೆನ್ಸಿಲ್ ಬಿಗಿಯಾಗಿ ಹಿಡಿದೆ. ಎಂಟನೆಯ ಚುಕ್ಕೆ. ಇಪ್ಪತ್ತೈದು, ಇಪ್ಪತ್ತಾರು... ಇಪ್ಪತ್ತೇಳನೆಯವನು ಹೊಡೆದ ಚೆಂಡು ನೆಲದ ಮೇಲೆ ಉರುಳಿತು. ಎಸೆದ ಹುಡುಗನೇ ಓಡಿಬಂದು ಬೇಸ್ ತುಳಿದು, ಸಹಆಟಗಾರ ಕೊಟ್ಟ ಚೆಂಡು ಹಿಡಿದ. ಓಡುವವನು ಇನ್ನೂ ಒಂದು ಹೆಜ್ಜೆ ಹಿಂದಿದ್ದ. ಔಟಿಲ್ಲ ಎಂದು ಅಂಪೈರ್ ಎರಡೂ ಕೈ ಚಾಚಿದ. ಸೇಫ್!

"ಔಟ್! ಕಾಕಾ, ಕ್ಲಿಯರ್ ಔಟ್ ಅದು!"

"ಔಟ್ ಹೌದು. ಆದ್ರ ಅಂಪೈರ್ ಅಂದದ್ದನ್ನ ಬರಿ."

ಆ ಹುಡುಗ ಬರೀ ನಕ್ಕ. ಆಟ ಮುಗಿದ ಮೇಲೆ ಮರುಪ್ರಸಾರ ನೋಡಿದ ಅಂಪೈರ್ ತನ್ನದೇ ತಪ್ಪು ಎಂದು ಒಪ್ಪಿಕೊಂಡನಂತೆ. ಮರುದಿನದ ಆಟಕ್ಕೂ ಅವನೇ ಬಂದು ನಿಂತ, ಅದೇ ಹುಡುಗ ತಂಡದ ಪಟ್ಟಿಯ ಚೀಟಿ ತಂದು ಅವನ ಕೈಗೇ ಕೊಟ್ಟ. ಅಂಪೈರ್ ಕಣ್ಣೊರೆಸಿಕೊಂಡ. ಆ ತುಣುಕನ್ನು ಕಾಕಾ ಎರಡು ಸಲ ತೋರಿಸಿದರು.

"ತಪ್ಪು ಎಲ್ಲಾರೂ ಮಾಡತಾರ. ಮರುದಿನ ಬಂದು ನಿಂತಾನ ನೋಡು, ಅದು ದೊಡ್ಡದು," ಎಂದರು. ಕೈ ಮತ್ತೆ ಎದೆಗೆ ಹೋಯಿತು. ಒಂಬತ್ತು.

ಆ ದಿನದ ಡೈರಿಯ ಕೊನೆಯ ಸಾಲು: ನಾಳೆ ಕಾಲೇಜಿನಿಂದ ಬಂದ ತಕ್ಷಣ ಕಾಕುಗೆ ಹೇಳಬೇಕು.

ಸೋಮವಾರ ನಾಲ್ಕೂ ಇಪ್ಪತ್ತಕ್ಕೆ ಬಂದಾಗ ಕೆಳಗೆ ಆಂಬ್ಯುಲೆನ್ಸ್ ನಿಂತಿತ್ತು. ಲಿಫ್ಟ್ ಬಾಗಿಲಿಗೆ ಇನ್ನೂ ಹಳದಿ ಪಟ್ಟಿ. ಹಸಿರು ಬಟ್ಟೆಯ ಇಬ್ಬರು ಮೆಟ್ಟಿಲು ಹತ್ತುತ್ತಿದ್ದರು, ಅವರ ಹಿಂದೆ ನಾನು ಓಡಿದೆ... ಕಾಕಾ ಉಳಿಯಲಿಲ್ಲ. ಅಂಪೈರನಿಗೆ ಒಂದು ಮರುದಿನ ಸಿಕ್ಕಿತ್ತು.

ಐದು ವರ್ಷ ಯಾರಿಗೂ ಹೇಳಲಿಲ್ಲ. ಈಗ ಕಾಕು ಲೀಡ್ಸ್‌ಗೆ, ಮಗಳ ಮನೆಗೆ ಹೊರಟಿದ್ದಾರೆ. ಕಪಾಟು ಖಾಲಿ ಮಾಡುವಾಗ ಸಿಕ್ಕ ನೋಟ್‌ಬುಕ್ ಕೊಡಲು ಶನಿವಾರ ನನ್ನನ್ನು ಕರೆದರು. ಆ ಹಾಳೆ ತೆರೆದು ಎಲ್ಲ ಹೇಳಿಬಿಟ್ಟೆ. ಮಧ್ಯದಲ್ಲಿ ನನ್ನ ಕನ್ನಡ ಇಂಗ್ಲಿಷಿಗೆ ತಿರುಗಿದ್ದೂ ಗೊತ್ತಾಗಲಿಲ್ಲ. ಕಾಕು ಕನ್ನಡಕ ಹಾಕಿಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದರು.

"ಒಂಬತ್ತ? ನಾ ಹನ್ನೊಂದು ಎಣಿಸಿದ್ದೆ."

ಚುಕ್ಕೆಗಳನ್ನು ಮತ್ತೆ ಎಣಿಸಿದೆ, ಒಂಬತ್ತೇ.

"ಬಾಯಿ ಬಿಟ್ರ ಖರೇ ಆಗತದ ಅಂತ ಸುಮ್ನಿದ್ದೆ," ಎಂದರು. ಆಮೇಲೆ ಮೇಜಿನ ಮೇಲಿದ್ದ ಪೆನ್ಸಿಲ್ ನನ್ನತ್ತ ಸರಿಸಿದರು. "ಎರಡು ಕಡಿಮಿ ಅವ. ಹಚ್ಚು."

ಹಚ್ಚಿದೆ.

ಇಂದು ಭಾನುವಾರ, ವ್ಯಾನ್ ಬಂದಿದೆ. ಕಾಕಾ ಕೂರುತ್ತಿದ್ದ ಕುರ್ಚಿ ಮೊದಲು ಹೊರಗೆ ಹೋಯಿತು. ಆಮೇಲೆ ಪೆಟ್ಟಿಗೆಗಳು. ಕಿಟಕಿಯಲ್ಲಿ ನಿಂತು ಆರರವರೆಗೆ ಎಣಿಸಿದೆ. ಆಮೇಲೆ ಡೈರಿ ಮುಚ್ಚಿ, ಕೆಳಗಿಳಿದು, ಏಳನೆಯ ಪೆಟ್ಟಿಗೆಗೆ ಕೈ ಜೋಡಿಸಿದೆ.